ಮೆಟ್ಟಿಲ ತಿರುವಿನ ಡಬ್ಬಿ

ಹೇಮಾಕ್ಷಿ ಅಪೊಲೋನಿಯಾಳನ್ನು ಬೈದಿರಲಿಲ್ಲ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ ಎಂದು ಹೇಮಾಕ್ಷಿಗೆ ಈಗ ಅನ್ನಿಸುತ್ತದೆ.

ಕಿನ್ನಿಗೋಳಿಯ ಗದ್ದೆಮನೆಯಿಂದ ಕುದ್ರೋಳಿಗೆ ಸೊಸೆಯಾಗಿ ಬಂದು ಹೇಮಾಕ್ಷಿಗೆ ಮೂವತ್ತೊಂದು ವರ್ಷ. ಅಪೊಲೋನಿಯಾ ಆ ಮನೆಗೆ ಕೆಲಸಕ್ಕೆ ಬಂದು ಹನ್ನೊಂದು. ಹೇಮಾಕ್ಷಿಯ ಅತ್ತೆ ಹಾಸಿಗೆ ಹಿಡಿದಾಗ ಅವರನ್ನು ಎತ್ತಿ ಕೂರಿಸುತ್ತಿದ್ದ ಕೈಗಳು ಅವಳವು. ಹೇಮಾಕ್ಷಿಯ ಬಲಭುಜ ಹಿಡಿದುಕೊಂಡ ಮೇಲೆ ತೆಂಗಿನಕಾಯಿ ಹೆರೆಯುವುದೂ ಅವಳ ಪಾಲಿಗೇ ಬಂತು. ಬೆಳಗ್ಗೆ ಒಂಬತ್ತೂವರೆಗೆ ಬಂದು, ಪಾತ್ರೆ ತೊಳೆದು, ಕಾಯಿ ಹೆರೆದಿಟ್ಟು, ಬಕೆಟು ಹಿಡಿದು ಮೆಟ್ಟಿಲೇರುತ್ತಿದ್ದಳು. ಅಷ್ಟರಲ್ಲಿ ಕೆಳಗೆ ಹೇಮಾಕ್ಷಿ ಮೀನಿನ ಮಸಾಲೆಯನ್ನು ಗ್ರೈಂಡರಿಗೆ ಹಾಕುತ್ತಿದ್ದಳು. ಕೆಳಗಿನ ಗುರುಗುರು, ಮೇಲಿನ ಗುನುಗು: ಆ ಮನೆಯ ಹತ್ತೂವರೆ ಗಂಟೆಯೆಂದರೆ ಅದು.

ವೈಫೈ ಹಾಕಿಸಿದ್ದು ಮಗಳು ಪ್ರಾಪ್ತಿಗಾಗಿ. ಮಹಡಿಯ ಕೋಣೆಯಲ್ಲಿ ಕುಳಿತು ಅವಳು ಸಿ.ಎ. ಪರೀಕ್ಷೆ ಬರೆಯುವವರಿಗೆ ಆನ್‌ಲೈನಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಾಳೆ. ಮುರಕಲ್ಲಿನ ದಪ್ಪ ಗೋಡೆ ದಾಟಿ ಸಿಗ್ನಲ್ ಮೇಲೇರದೆಂದು ಮೂರು ಬಿಳಿ ಡಬ್ಬಿಗಳ ಮೆಶ್ ಬಂತು. ಚಾವಡಿಯಲ್ಲೊಂದು, ಮೆಟ್ಟಿಲ ತಿರುವಿನಲ್ಲೊಂದು, ಕೋಣೆಯಲ್ಲೊಂದು. ಬಾವಿಕಟ್ಟೆಯಿಂದ ಕೊಡ ದಾಟಿಸುವ ಹೆಂಗಸರ ಹಾಗೆ ಅವು ಒಂದರ ಕೈಯಿಂದ ಒಂದಕ್ಕೆ ಸಿಗ್ನಲ್ ದಾಟಿಸಬೇಕು. ಎರಡೇ ವಾರದಲ್ಲಿ ನಡುವಿನದು ಕೈಬಿಡತೊಡಗಿತು. ಪಾಠದ ಮಧ್ಯೆ ಪ್ರಾಪ್ತಿ ಮಾಯವಾಗಿ, ನಾಲ್ಕೈದು ನಿಮಿಷ ಬಿಟ್ಟು ಮರಳುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಿದ್ದರು.

ಡಬ್ಬಿ ಕೂರಿಸಿದ ದೀಪೇಶ್ ಬಂದ. ಡಬ್ಬಿಯನ್ನು ಅತ್ತಿತ್ತ ಸರಿಸಿದ, ಚಾನೆಲ್ ಬದಲಿಸಿದ, ಕೊನೆಗೆ ಫೋನಿನಲ್ಲಿ ಅದರ ಚರಿತ್ರೆ ತೆರೆದ.

“ಸಿಗ್ನಲಿಂದು ಅಲ್ಲ ಆಂಟಿ. ನಡುವಿನ ಡಬ್ಬಿಗೆ ಕರೆಂಟೇ ಹೋಗಿ ಬರ್ತಾ ಉಂಟು. ಹತ್ತೂವರೆ, ಹತ್ತು ಮುಕ್ಕಾಲು, ದಿನಾ ಅದೇ ಟೈಮ್. ಆಗ ಯಾರಾದರೂ ಪ್ಲಗ್ ಮುಟ್ತಾರಾ ಎಂತ?”

ಮೆಟ್ಟಿಲ ತಿರುವಿನಲ್ಲಿ ಅಪೊಲೋನಿಯಾ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಹೇಮಾಕ್ಷಿ, ಪ್ರಾಪ್ತಿ, ದೀಪೇಶ್ ಮೂವರೂ ಅವಳನ್ನೇ ನೋಡಿದರು.

“ನಾನು ಮುಟ್ಟಲಿಲ್ಲ ಅಕ್ಕ. ಅದು ಕಣ್ಣು ಮಿಟುಕಿಸುದು ನೋಡಿದ್ರೆ ನನಗೆ ಹೆದರಿಕೆಯೇ ಆಗ್ತದೆ.”

ಪ್ರಾಪ್ತಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಹೋದಳು. ಅಪೊಲೋನಿಯಾ ಬಂದ ದಿನ ಡಬ್ಬಿ ಆರುತ್ತಿತ್ತು. ಮೊಂತಿ ಹಬ್ಬಕ್ಕೆ ಎರಡು ದಿನ, ಜ್ವರವೆಂದು ಮೂರು ದಿನ ಅವಳು ಬಂದಿರಲಿಲ್ಲ. ಆ ಐದು ದಿನ ಡಬ್ಬಿ ಒಮ್ಮೆಯೂ ಆರಲಿಲ್ಲ.

“ಇನ್ನು ಎಂತ ಪ್ರೂಫ್ ಬೇಕಮ್ಮ?”

ಮರುದಿನ ಹೇಮಾಕ್ಷಿ ಬಹಳ ಮೆಲ್ಲಗೆ ಕೇಳಿದಳು. “ಸತ್ಯ ಹೇಳು ಮಾರಾಯ್ತಿ. ಬಟ್ಟೆ ತಾಗಿತು ಅಂದ್ರೆ ಮುಗೀತು. ನಾನೇನು ಬೈಯುದಿಲ್ಲ.”

“ಮುಟ್ಟದ್ದನ್ನು ಮುಟ್ಟಿದ್ದೇನೆ ಅಂತ ಹೇಗೆ ಹೇಳುದು ಅಕ್ಕ?”

“ಆಯ್ತು. ನಾಳೆಯಿಂದ ನೀನು ಮೆಟ್ಟಿಲು ಒರೆಸುದು ಬೇಡ.”

ಅಪೊಲೋನಿಯಾ ಅರ್ಧವಾಗಿದ್ದ ಕಾಯಿಯನ್ನು ಪೂರ್ತಿ ಹೆರೆದಳು. ಹೆರೆಮಣೆ ತೊಳೆದು ಗೋಡೆಗೆ ಒರಗಿಸಿದಳು. ಮತ್ತೆ ಬರಲಿಲ್ಲ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಪಕ್ಕದ ಮನೆಯ ಹಬೀಬಾ, ಮಗಳ ಬಾಣಂತನಕ್ಕೆ ಅಪೊಲೋನಿಯಾಳನ್ನು ಗೊತ್ತು ಮಾಡುವವಳಿದ್ದಳು. “ಜನ ಹೇಗೆ?” ಎಂದು ಕಂಪೌಂಡಿನ ಆಚೆಯಿಂದ ಕೇಳಿದಾಗ ಹೇಮಾಕ್ಷಿ, “ಕೆಲಸ ಚೊಕ್ಕ. ತಪ್ಪು ಮಾಡಿದ್ರೆ ಮಾತ್ರ ಒಪ್ಪುದಿಲ್ಲ” ಎಂದಳು. ಹಸುಗೂಸಿರುವ ಮನೆ. ಹಬೀಬಾ ಬೇರೆಯವಳನ್ನು ನೋಡಿಕೊಂಡಳು.

ಆಮೇಲೆ ಮೂರು ವಾರ ಡಬ್ಬಿ ಆರಲಿಲ್ಲ. ಹೇಮಾಕ್ಷಿಗೆ ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಕಾಯಿ ಹೆರೆಯುವವರಿಲ್ಲದೆ ಮನೆಯಲ್ಲಿ ದಿನಾ ತಿಳಿಸಾರು, ಹುರಿದ ಮೀನು. “ಎಂತ, ಇಡೀ ಮನೆಗೆ ಜ್ವರವಾ?” ಎಂದು ಗಂಡ ಮೋಹನದಾಸ್ ಗೊಣಗಿದ. ಒಂದು ಗುರುವಾರ, ಬೈಕಂಪಾಡಿಯ ಗೋದಾಮಿಗೆ ಹೊರಡುವ ಮುಂಚೆ, ಅವನು ಬಂಗುಡೆ ಮೀನು ತಂದಿಟ್ಟು ಹೋದ. ಹೇಮಾಕ್ಷಿ ಎಡಗೈಯಲ್ಲಿ ಅರ್ಧ ಗಂಟೆ ಕಾಯಿ ಹೆರೆದಳು. ಮಸಾಲೆ ಹಾಕಿ ಗ್ರೈಂಡರಿನ ಸ್ವಿಚ್ಚು ಒತ್ತಿದಳು.

“ಅಮ್ಮಾ, ಹೋಯ್ತು!” ಮೇಲಿನಿಂದ ಪ್ರಾಪ್ತಿ ಕೂಗಿದಳು.

ಹೇಮಾಕ್ಷಿಯ ಬೆರಳು ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು. ಗ್ರೈಂಡರ್ ಆರಿಸಿದಳು. ತಿರುವಿನ ಡಬ್ಬಿಗೆ ಮತ್ತೆ ಜೀವ ಬರುವ ತನಕ ಅದರ ಮುಂದೆ ನಿಂತಳು. ಕೆಳಗಿಳಿದು ಇನ್ನೊಮ್ಮೆ ಒತ್ತಿದಳು.

“ಅಮ್ಮಾ!”

ದೀಪೇಶ್ ಬಂದು ಗೋಡೆಯ ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿದ. ಅಡುಗೆಮನೆಗೂ ತಿರುವಿಗೂ ಒಂದೇ ಹಳೆಯ ವಯರು, ನಡುವೆ ಸಡಿಲ ಜೋಡಣೆ. “ಗ್ರೈಂಡರ್ ಎಳೆಯುವಾಗ ಡಬ್ಬಿಗೆ ಕರೆಂಟ್ ಸಾಕಾಗುದಿಲ್ಲ. ಅಷ್ಟೇ ಆಂಟಿ” ಎಂದು ಹತ್ತು ನಿಮಿಷದಲ್ಲಿ ಬಿಗಿ ಮಾಡಿದ.

“ಅವಳು ಬಾರದ ದಿನ ಕಾಯಿ ಹೆರೆಯುವವರಿಲ್ಲ. ಹಾಗಾಗಿ ನೀನು ಗ್ರೈಂಡರ್ ಹಾಕುದಿಲ್ಲ. ಒಟ್ಟಿಗೆ ಆದದ್ದೆಲ್ಲ ಒಂದಕ್ಕೊಂದು ಕಾರಣ ಅಲ್ಲ, ನಾನು ಪಾಠ ಮಾಡುದೇ ಇದನ್ನಮ್ಮ...” ಪ್ರಾಪ್ತಿ ಅರ್ಧಕ್ಕೆ ನಿಲ್ಲಿಸಿದಳು. “ಫೋನ್ ಮಾಡಿ ಸಾರಿ ಕೇಳ್ತೇನೆ.”

“ಬೇಡ. ನಾನೇ ಹೋಗ್ತೇನೆ.”

ನಂತೂರಿನಲ್ಲಿ ಬಸ್ಸಿಳಿದ ಹೇಮಾಕ್ಷಿಗೆ ಲಾರಿಗಳ ಸಾಲು ದಾಟಲು ಬಹಳ ಹೊತ್ತು ಹಿಡಿಯಿತು. ದಾಟಲಾಗದಿದ್ದರೆ ಹಿಂದಿರುಗಬಹುದಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಓಣಿಯ ಕೊನೆಯ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಅಪೊಲೋನಿಯಾ ಮಡಿಲಲ್ಲಿ ಎಲೆ ಹರಡಿಕೊಂಡು ಬೀಡಿ ಕಟ್ಟುತ್ತಿದ್ದಳು. ಎಲ್ಲವನ್ನೂ ಕೇಳಿದಳು, ಕೈ ನಿಲ್ಲಿಸದೆ.

“ಗ್ರೈಂಡರಾ?” ಎಂದು ನಕ್ಕುಬಿಟ್ಟಳು. “ಹೋಗಿ ಹೋಗಿ ಗ್ರೈಂಡರಿನ ಪಾಪ ನನ್ನ ತಲೆಗಾ!”

ಆ ನಗುವಿಗೆ ಸೇರಿಕೊಳ್ಳಲು ಹೇಮಾಕ್ಷಿಗೆ ಧೈರ್ಯವಾಗಲಿಲ್ಲ. “ನಾಳೆಯಿಂದ ಬಾ” ಎಂದಳು.

“ಇಲ್ಲ ಅಕ್ಕ. ಕೋಪ ಇಲ್ಲ ನನಗೆ. ಆದರೆ ಇನ್ನು ನಿಮ್ಮಲ್ಲಿ ಒಂದು ಚಮಚ ಕಾಣದಿದ್ರೂ ನನ್ನ ಎದೆ ಹೊಡ್ಕೊಳ್ತದೆ.” ಒಂದು ಬೀಡಿಗೆ ನೂಲು ಸುತ್ತಿ ಕೆಳಗಿಟ್ಟಳು. “ನಾನು ಮುಟ್ಟಲಿಲ್ಲ ಅಂತ ನನಗೆ ಮೊದಲೇ ಗೊತ್ತುಂಟಲ್ಲ. ನನ್ನಲ್ಲಿ ಹೇಳಿ ಎಂತ ಪ್ರಯೋಜನ? ಹಬೀಬಕ್ಕನಲ್ಲಿ ಎಂತ ಹೇಳಿದ್ರಿ ನೀವು?”

ಆ ಮಾತು ಇಲ್ಲಿಯವರೆಗೆ ತಲುಪಿದೆಯೆಂದು ಹೇಮಾಕ್ಷಿಗೆ ಗೊತ್ತಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಒಂದು ವಾಕ್ಯ ತಾನಾಗಿಯೇ ಕೂಡಿಕೊಂಡಿತು: ನಮ್ಮಲ್ಲಿ ವಯರಿಂಗ್ ಹಾಳಾಗಿತ್ತಂತೆ ಹಬೀಬಾ. ಸುಳ್ಳಲ್ಲ. ಹಾಗೆ ಹೇಳಿದರೆ ತಪ್ಪೆಲ್ಲ ವಯರಿನದಾಗುತ್ತದೆ. ಕುದ್ರೋಳಿಯಲ್ಲಿ ಇಳಿಯುವ ತನಕ ಆ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡು ಹಬೀಬಾ ಬಾಗಿಲು ತೆರೆದಾಗ ಹೇಮಾಕ್ಷಿ ಅದನ್ನು ನುಂಗಿದಳು.

“ಅಪೊಲೋನಿಯಾ ತಪ್ಪು ಮಾಡಿರಲಿಲ್ಲ. ಅವಳ ಬಗ್ಗೆ ನಾನು ಇಲ್ಲದ್ದು ಹೇಳಿದೆ.”

ಹಬೀಬಾ ಗಾಬರಿಯಾದಳು. “ಅಲ್ಲಾ, ಅದಕ್ಕೆಂತ ಈಗ! ಬೇರೆಯವಳು ಬರ್ತಾಳಲ್ಲ, ಬಿಡಿ. ಒಳಗೆ ಬನ್ನಿ ಹೇಮಕ್ಕ, ಚಾ ಕುಡಿಯುವ.”

“ಬಿಡುದಲ್ಲ. ನಾನು ಹೇಳಿದ್ದನ್ನು ನೀವು ಯಾರಿಗಾದರೂ ಹೇಳಿದ್ದೀರಾ?”

ಹಬೀಬಾ ಕೂಸಿನ ಬೆನ್ನು ತಟ್ಟುತ್ತಾ ನೆಲ ನೋಡಿದಳು. ಆಮೇಲೆ ಎರಡು ಮನೆಗಳ ಹೆಸರು ಹೇಳಿದಳು. ಹೇಮಾಕ್ಷಿ ಇನ್ನೂ ಚಪ್ಪಲಿ ಕಳಚಿರಲಿಲ್ಲ.