ವಾಲ್ವ್ ಯಾರ ಕೈಯಲ್ಲಿ

ಗಡಿಯಾಚೆಯಿಂದ ತೈಲದ ಪೈಪ್‌ಲೈನ್ ತರಬೇಕೆ ಬೇಡವೆ ಎಂಬ ಚರ್ಚೆ ಟಿವಿಯಲ್ಲಿ ಕಾವೇರಿದ್ದ ದಿನಗಳವು. ಪೈಪು ನೆರೆಯ ದೇಶವೊಂದರ ನೆಲವನ್ನು ಹಾದು ಬರಬೇಕು. ಅವರು ನಡುವೆ ವಾಲ್ವ್ ಮುಚ್ಚಿಬಿಟ್ಟರೆ ಗತಿಯೇನು ಎಂಬುದೇ ವಿರೋಧಿಗಳ ಮುಖ್ಯ ತಕರಾರು. ಹೈದರಾಬಾದಿನ ಪತ್ರಿಕೆಯೊಂದರಲ್ಲಿ ನಾನು ಆ ಸುದ್ದಿಯನ್ನೇ ಬರೆಯುತ್ತಿದ್ದೆ. ಭಾನುವಾರ ಊಟಕ್ಕೆಂದು ಬಾಲಾನಗರದ ಸೋದರಮಾವನ ಮನೆಗೆ ಹೋದರೆ ಅಲ್ಲಿಯೂ ಅದೇ.

ಮಾವ ಮನೆಯ ಹಿಂದಿನ ಶೆಡ್ಡಿನಲ್ಲಿ ಲೇಥ್ ಇಟ್ಟುಕೊಂಡು ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರು. ಪೈಪ್‌ಲೈನಿನ ಕಟ್ಟಾ ಪರ.

"ನೆಲ ಅವರದು ಅಂದ ಮ್ಯಾಲೆ ವಾಲ್ವ್ ಅವರ ಕೈಯಾಗ ಇರಲಿ ಬಿಡ್ರಿ, ಏನಾಕೈತಿ? ಮುಚ್ಚೋ ಹಕ್ಕಿದ್ರನ ಅವರಿಗೂ ಧೈರ್ಯ," ಎಂದು ಟಿವಿಯವರನ್ನೇ ಗದರಿದರು. ಜನರ ಮಾತು ವರದಿಗೆ ಬೇಕಾದೀತೆಂದು ಅಭ್ಯಾಸಬಲದಿಂದ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅತ್ತೆ ಪಲ್ಯ ಬಡಿಸುತ್ತ ಅದನ್ನು ನೋಡಿದ್ದರು.

ಮುಂದಿನ ಭಾನುವಾರ ಟಿವಿ ಆಫ್ ಆಗಿತ್ತು. ಮಾವ ಹೊಸ ಯಂತ್ರ ತಂದಿದ್ದರು, ಗಾಳಿಯ ಒತ್ತಡದಿಂದ ನಡೆಯುವಂಥದ್ದು. ಕಂಪ್ರೆಸರ್‌ಗೆ ಜಾಗವಿದ್ದದ್ದು ಮುಂದಿನ ಅಂಗಳದಲ್ಲಿ, ಯಂತ್ರ ಹಿಂದಿನ ಶೆಡ್ಡಿನಲ್ಲಿ. ನಡುವೆ ಅತ್ತೆಯ ರೊಟ್ಟಿ ಕೋಣೆ. ಅಲ್ಲಿ ಬಡಿದ ಜೋಳದ ರೊಟ್ಟಿ ಮಧ್ಯಾಹ್ನಕ್ಕೆ ಕೊಂಡಾಪುರದ ಆಫೀಸುಗಳಿಗೆ ಹೋಗುತ್ತಿತ್ತು. ಶನಿವಾರ ಮಾವ ಹೇಳದೆ ಕೇಳದೆ ಆ ಕೋಣೆಯೊಳಗಿಂದ ಪೈಪು ಎಳೆದಿದ್ದರು. ಜೋಡಣೆಯೊಂದು ಕಳಚಿ, ಪರಾತದಲ್ಲಿದ್ದ ಹಿಟ್ಟೆಲ್ಲ ಹಾರಿ ಗೋಡೆ ಸೇರಿತ್ತು. ಅವತ್ತು ಯಾರಿಗೂ ರೊಟ್ಟಿ ಹೋಗಲಿಲ್ಲ.

"ಇನ್ನೊಮ್ಮೆ ಹಿಂಗಾದ್ರ ನನ್ನ ಗಿರಾಕಿ ಬ್ಯಾರೇ ಕಡೆ ಹೊಕ್ಕಾರ," ಎಂದರು ಅತ್ತೆ. "ಪೈಪು ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ವಾಲ್ವ್ ಮಾತ್ರ ನನ್ನ ಕೋಣ್ಯಾಗ ಇರಬೇಕು. ರೊಟ್ಟಿ ಬಡಿಯೋ ಮುಂದ ಮುಚ್ಚತೀನಿ."

"ನನ್ನ ಮಶೀನಿನ ಗಾಳಿ ನಿನ್ನ ಕೈಯಾಗ? ಸಿಟ್ಟು ಬಂದ್ರ ಬಂದ್ ಮಾಡಿ ಕುಂಡ್ರತೀ!"

"ಸಿಟ್ಟು ಬರಂಗ ಮಾಡಬ್ಯಾಡ್ರಿ." ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಾ, ಹೋದ ವಾರ ಇವರ ಮಾತು ಬರಕೊಂಡೀಯಲ್ಲ, ಓದು."

ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ಪುಟ ಹುಡುಕಿ, ಒಂದಕ್ಷರ ಬಿಡದೆ ಓದಿದೆ.

ಮಾವ ಗೋಡೆಗಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆದರು. "ಅದು ದೇಶದ ವಿಚಾರ."

"ಇದು ನನ್ನ ಕೋಣೀ ವಿಚಾರ. ನೆಲ ನಂದು."

"ಪೇಪರಿನವರನ್ನ ಊಟಕ್ಕ ಕರಿಯೋದ ತಪ್ಪು ನೋಡು," ಎಂದು ಗೊಣಗುತ್ತ ಮಾವ ನಟ್ಟು ಬಿಗಿಯುವ ಪಾನಾ ಹುಡುಕಲು ಎದ್ದರು.

ಅವತ್ತೇ ವಾಲ್ವ್ ಕೂತಿತು, ಅತ್ತೆಯ ಕೈಗೆಟಕುವ ಎತ್ತರದಲ್ಲಿ, ಕೆಂಪು ಹಿಡಿಕೆಯದ್ದು. ಹತ್ತಕ್ಕೆ ಮುಚ್ಚುತ್ತಾರೆ, ಹನ್ನೆರಡಕ್ಕೆ ತೆರೆಯುತ್ತಾರೆ. ಆ ಎರಡು ತಾಸು ಮಾವನಿಗೆ ಗಾಳಿಯಿಲ್ಲ. ಮಾವ ಬಾಗಿಲಲ್ಲಿ ಕೂತು ರೊಟ್ಟಿ ಕಟ್ಟಿಕೊಡುತ್ತಾರೆ. ಅಂದಿನಿಂದ ಕೊಂಡಾಪುರದ ಊಟ ತಪ್ಪಿಲ್ಲ.

ದೇಶದ ಪೈಪ್‌ಲೈನಿನ ಬಗ್ಗೆ ನಾನಿನ್ನೂ 'ಮಾತುಕತೆ ಮುಂದುವರಿದಿದೆ' ಎಂದೇ ಬರೆಯುತ್ತಿದ್ದೇನೆ. ಮಾವ ಈಗಲೂ ಅದರ ಪರ. ಆದರೆ ನಾನು ಪೆನ್ನು ತೆಗೆದರೆ ಮಾತು ನಿಲ್ಲಿಸಿಬಿಡುತ್ತಾರೆ.