ಭುಜದ ಮೇಲೆ ಬಿದ್ದ ಕೈ

ನನ್ನ ಪೆದ್ದುತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲ ಮೇಲೆ, ಹಾಡಹಗಲೇ, ನೂರಾರು ಜನರ ಎದುರು (ಸರಿ, ಹತ್ತು ಹನ್ನೆರಡು ಜನರ ಎದುರು), ನನಗೆ ಹೊಡೆದಾಟ ಕಲಿಸಿದ ಎಪ್ಪತ್ತು ವರ್ಷದ ಮೇಷ್ಟ್ರಿಗೇ ಮೊಣಕೈಯಲ್ಲಿ ಗುದ್ದಿದೆ. ಕಾಣದ ಕೈ, ದೆವ್ವ ಎಂದು ಯಾರಾದರೂ ಶುರು ಮಾಡಿದರೆ ಹಲ್ಲು ಕಿರಿದು ನಗುತ್ತಿದ್ದವನು ನಾನು, ಆ ದಿನದವರೆಗೂ.

ಮೇಷ್ಟ್ರು ಸೇನೆಯಿಂದ ನಿವೃತ್ತರಾದ ಹವಿಲ್ದಾರರು. ಚಂದ್ರಾ ಲೇಔಟಿನ ತಮ್ಮ ಮನೆಯ ತಾರಸಿಯಲ್ಲಿ ನಮ್ಮಂಥವರಿಗೆ ಆತ್ಮರಕ್ಷಣೆ ಕಲಿಸುತ್ತಾರೆ. ಪ್ರತಿ ಸೆಣಸಾಟದ ನಂತರ ಮೂರು ಪ್ರಶ್ನೆ ಕೇಳುತ್ತಾರೆ: ಯಾವ ಪಟ್ಟು ಫಲಿಸಿತು, ಯಾಕೆ ಫಲಿಸಿತು, ಎಲ್ಲಿ ಫಲಿಸುವುದಿಲ್ಲ? ಮೂರನೆಯದಕ್ಕೆ ನಾನು, "ನಮ್ಮಮ್ಮನ ಹತ್ರ ಸಾರ್" ಎಂದು ಎಲ್ಲರನ್ನೂ ನಗಿಸಿ ತಪ್ಪಿಸಿಕೊಳ್ಳುತ್ತಿದ್ದೆ.

ಮೆಟ್ರೋ ಮೆಟ್ಟಿಲ ಘಟನೆಗೆ ಮುಂಚೆ ಲಗ್ಗೆರೆಯಲ್ಲಿ ಫೋನ್ ಕಸಿಯಲು ಬಂದವನೊಬ್ಬ ಹಿಂದಿನಿಂದ ನನ್ನ ಭುಜ ಹಿಡಿದಿದ್ದ. ನೋಡದೆಯೇ ಮೊಣಕೈ ಬೀಸಿದೆ, ಓಡಿಹೋದ. ಸ್ನೇಹಿತರಿಗೆ ಹೇಳುವಾಗ ಅವನೊಬ್ಬನನ್ನೇ ನಾಲ್ಕು ಜನ ಮಾಡಿದೆ. ಅಂದಿನಿಂದ ಮೊದಲು ಹೊಡೆತ, ಆಮೇಲೆ ನೋಟ ಎಂಬುದೇ ನನ್ನ ಶಾಸ್ತ್ರ.

ಆ ದಿನ ಮೆಟ್ಟಿಲಿಳಿಯುವಾಗ ಬಲಭುಜದ ಮೇಲೆ ಕೈ ಬಿತ್ತು. ನಾಲ್ಕು ಬೆರಳುಗಳ ಬಿಗಿ ಈಗಲೂ ನೆನಪಿದೆ. ಬೀಸಿದೆ. ತಿರುಗಿದರೆ ಮೇಷ್ಟ್ರು ಕುಸಿದು ಕೂತಿದ್ದರು. ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು. ಅವರ ಚೀಲದಿಂದ ಉರುಳಿದ ಟೊಮೆಟೊಗಳು ಒಂದೊಂದೇ ಮೆಟ್ಟಿಲಿಳಿದು ಹೋಗುತ್ತಿದ್ದವು.

"ಏನ್ ಗುರು, ತಾತಂಗೆ ಹೊಡೀತೀಯಲ್ಲ, ನಾಚ್ಕೆ ಆಗಲ್ವಾ?" ಎಂದು ಕೆಳಗಿನಿಂದ ಯಾರೋ ಕೂಗಿದರು.

ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸುವಾಗ ನಾನು ಕೇಳಿದೆ: "ಹಿಂದಿಂದ ಯಾಕ್ ಸಾರ್ ಭುಜ ಹಿಡ್ಕೊಂಡ್ರಿ? ಒಂದು ಕೂಗು ಹಾಕ್ಬಾರ್ದಿತ್ತಾ?" ತಪ್ಪನ್ನು ಅವರ ತಲೆಗೇ ಕಟ್ಟಲು ನೋಡಿದ್ದು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

"ಎರಡೂ ಕೈಲಿ ತರಕಾರಿ ಚೀಲ ಇತ್ತು ಕಣೋ. ನಾನ್ ನಿನ್ನ ಮುಟ್ಟೇ ಇಲ್ಲ."

ಜನರೆಲ್ಲ ಕೆಳಗಿದ್ದರು. ನನಗೆ ಕೈ ಎಟುಕುವಷ್ಟು ಹತ್ತಿರವಿದ್ದದ್ದು ಅವರೊಬ್ಬರೇ. ನನ್ನ ಹೆಗಲಿಗೆ ಬ್ಯಾಗೂ ಇರಲಿಲ್ಲ. ಎಷ್ಟು ಯೋಚಿಸಿದರೂ ಅದು ಯಾರ ಕೈ ಎಂದು ತಿಳಿದಿಲ್ಲ.

ವಾರದ ನಂತರ, ಇನ್ನು ಬರಬೇಡ ಎನ್ನುತ್ತಾರೇನೋ ಎಂಬ ಭಯದಲ್ಲೇ ತಾರಸಿಗೆ ಹೋಗಿ ತಲೆ ತಗ್ಗಿಸಿ ನಿಂತೆ. ಮೇಷ್ಟ್ರು ಹುಬ್ಬಿನ ಹೊಲಿಗೆ ಮುಟ್ಟಿಕೊಂಡು ಹೇಳಿದರು:

"ಗಡೀಲಿ ಕಾವಲಿದ್ದಾಗ ನನ್ನ ಭುಜದ ಮೇಲೂ ಹಂಗೇ ಒಂದು ಕೈ ಬಿತ್ತು ಕಣೋ. ನಾನೂ ನೋಡ್ದೆ ಬಂದೂಕಿನ ಹಿಡಿ ಬೀಸ್ದೆ. ಹಿಂದೆ ಇದ್ದೋನು ನನ್ನ ಜೊತೆಗಾರ. ಎರಡೂ ಕೈಲಿ ಟೀ ಲೋಟ ಹಿಡ್ಕೊಂಡು ಬಂದಿದ್ದ. ಒಂದು ನಂಗೆ."