ಟೋಪಿನೊಳಗಿನ ಜಾಝ್

ಶನಿವಾರ ಬೆಳಿಗ್ಗೆ ಹೋಟೆಲಿನಲ್ಲಿ ಮೊದಲ ಇಡ್ಲಿ ಇಳಿಯುವ ಹೊತ್ತಿಗೆ ಸರಿಯಾಗಿ ನನ್ನ ಫೋನು ಕಿಣಿ ಅನ್ನುತ್ತದೆ. ವಾಶಿಯಿಂದ ಬೀಗರ ಮೆಸೇಜು. ಆ ವಾರ ಹೊಸದಾಗಿ ಬಂದ ಜಾಝ್, ಸೋಲ್ ಆಲ್ಬಮ್‌ಗಳಲ್ಲಿ ಕೇಳಲೇಬೇಕಾದ್ದು ಯಾವುದು, ಬಿಟ್ಟರೂ ನಷ್ಟವಿಲ್ಲದ್ದು ಯಾವುದು ಎಂದು ಬರೆದಿರುತ್ತಾರೆ. ಕೊನೆಗೆ ಒಂದು ಸಾಲು ತಪ್ಪದೆ ಇರುತ್ತದೆ: "ನಾನು, ರಶ್ಮಿ ಕೂತು ಕೇಳಿದೆವು."

ರಶ್ಮಿ ನನ್ನ ಮಗಳು. ಆ ಸಾಲು ಓದಿದರೆ ಇಡ್ಲಿಯ ಹಬೆಯೂ ಹುಳಿ ಹೊಡೆಯುತ್ತದೆ ಮಾರಾಯ್ರೆ.

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಗಂಡಿನ ಕಡೆಯವರು ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ, ಅದು ಲೋಕರೂಢಿ. ಅವಳ ಕಿವಿಯನ್ನೂ ಕೊಂಡುಹೋಗುತ್ತಾರೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಆ ಕಿವಿ ನಾನು ಮಾಡಿದ್ದು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಕುಂದಾಪುರದ ಕಡೆಯಿಂದ ಬಂದು, ಬೇರೆಯವರ ಹೋಟೆಲಿನಲ್ಲಿ ಮೇಜು ಒರೆಸಿ, ಕೊನೆಗೆ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಸ್ವಂತ ಗಲ್ಲಾದಲ್ಲಿ ಕೂತವ ನಾನು. ಯಾರ ಹಂಗೂ ಇಲ್ಲ. ಆಗ ಅಡುಗೆಮನೆಯಲ್ಲಿ ಒಂದು ಸಣ್ಣ ಟೇಪ್ ರೆಕಾರ್ಡರ್ ಇತ್ತು. ಗ್ರೈಂಡರು, ಲೋಕಲ್ ಟ್ರೇನು, ಗಿರಾಕಿಗಳ ಗಲಾಟೆ, ಇವುಗಳ ನಡುವೆ ಅದರ ಸ್ವರ ಯಾರಿಗೆ ಕೇಳಬೇಕು? ಒಂದು ದಿನ ಅದನ್ನು ತೊಳೆದಿಟ್ಟ ಸಾಂಬಾರಿನ ಟೋಪಿನೊಳಗೆ ಇಳಿಸಿದೆ. ಟೋಪು ಅಂದರೆ ಇಲ್ಲಿನ ಹೋಟೆಲುಗಳ ದೊಡ್ಡ ಪಾತ್ರೆ. ಮಗು ಕೂತರೆ ತಲೆ ಮಾತ್ರ ಕಾಣುವಂಥದ್ದು. ಅಬ್ಬ, ಸ್ವರ ಹೊಟ್ಟೆಯಿಂದ ಬಂದ ಹಾಗೆ ದಪ್ಪವಾಗಿ ಎದ್ದಿತು!

ಫುಟ್‌ಪಾತಿನಲ್ಲಿ ಕವರಿಲ್ಲದ ಕ್ಯಾಸೆಟ್ಟು ಮಾರುತ್ತಿದ್ದರು. ಒಮ್ಮೆ ಬರೀ ತುತ್ತೂರಿಯದ್ದು ಸಿಕ್ಕಿತು. ಹಾಡಿಲ್ಲ, ಪಲ್ಲವಿಯಿಲ್ಲ, ಯಾರೋ ಊದುತ್ತ ಊದುತ್ತ ದಾರಿ ತಪ್ಪಿ ಎಲ್ಲಿಗೋ ಹೋಗುತ್ತಿದ್ದ. ಅದು ಜಾಝ್ ಎಂಬುದೂ ಗೊತ್ತಿಲ್ಲ. ನಿಲ್ಲಿಸಲು ಕೈ ಹಾಕಿದೆ. ಎರಡನೇ ಕ್ಲಾಸಿನ ರಶ್ಮಿ ಟೋಪಿನೊಳಗೆ ತಲೆ ತೂರಿಸಿದವಳು, ಸುಮ್ಮನೆ ಕೂರು ಎಂದು ಶಾಲೆಯ ಮರಾಠಿಯಲ್ಲಿ ಒಳಗಿಂದಲೇ ಕೂಗಿದಳು: "ಅಪ್ಪಯ್ಯ, ಗಪ್ಪ ಬಸಾ! ಅವ ಈಗ ಮನೆಗೆ ವಾಪಸ್ ಬರ್ತಾನೆ."

ಬಂದ.

ಅಲ್ಲಿಂದ ಮುಂದೆ ಯಾವ ಕ್ಯಾಸೆಟ್ಟು ತಂದರೂ ಮೊದಲು ಟೋಪಿನೊಳಗೆ. ತಲೆಗೆ ತಲೆ ತಾಗಿಸಿ ಬಗ್ಗಿ ಕೇಳುತ್ತಿದ್ದೆವು. "ಕೊಡಪಾನ ಬಾವಿಗೆ ಬೀಳಿಸಿಕೊಂಡವರ ಹಾಗೆ ನಿಂತಿದ್ದಾರೆ ನೋಡಿ," ಎಂದು ನನ್ನವಳು ನಗುತ್ತಿದ್ದಳು. ಇಂಗಿನ ವಾಸನೆಯಿಲ್ಲದ ಜಾಝ್ ನನಗೆ ಇವತ್ತಿಗೂ ಅರ್ಧವೇ.

ಬೀಗರು ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರ ನಡುಮನೆಯಲ್ಲಿ ಆಳೆತ್ತರದ ಎರಡು ಸ್ಪೀಕರು. ಕಳೆದ ಶುಕ್ರವಾರ ತಡೆಯಲಾರದೆ, ಕರೆಯದಿದ್ದರೂ, ಥಾಣೆ ಸ್ಟೇಷನ್ನಿನಲ್ಲಿ ಟ್ರೇನು ಬದಲಿಸಿ ವಾಶಿಗೆ ಹೋಗಿಯೇಬಿಟ್ಟೆ. ರಶ್ಮಿ "ಕಾಫಿ ತರ್ತೇನೆ" ಎಂದು ಒಳಗೆ ಹೋದವಳು ಬರಲೇ ಇಲ್ಲ. ಬೀಗರು ಅಂದೇ ಬಂದ ಸೋಲ್ ಆಲ್ಬಮ್ ಒಂದನ್ನು ಹಾಕಿದರು. ಗಂಡನನ್ನು ಬೈಯುತ್ತಲೇ ಬಿಸಿ ಅನ್ನ ಬಡಿಸುವವಳ ಹಾಗೆ ಹಾಡುತ್ತಾಳೆ ಆ ಹೆಂಗಸು. ನಡುವೆ ಸುಮ್ಮನಾಗುತ್ತಾಳೆ, ದಪ್ಪ ತಂತಿಯ ನಾದವೊಂದೇ ನಡೆಯುತ್ತದೆ.

"ನೋಡಿ ಬೀಗರೇ, ಇದು ಬೇಸ್," ಎಂದು ಬೆರಳೆತ್ತಿದರು.

ನನಗೆ ಹೇಳಿಕೊಡುತ್ತಾರೆ! "ನಮ್ಮ ಗ್ರೈಂಡರ್ ಇದಕ್ಕಿಂತ ತಾಳದಲ್ಲಿ ತಿರುಗ್ತದೆ," ಎಂದೆ. ಸುಳ್ಳು. ಹಾಡು ಚೆನ್ನಾಗಿತ್ತು, ಅದೇ ಸಂಕಟ. "ಎಂತ, ಇಬ್ಬರೂ ಕೂತು ಕೇಳ್ತೀರಂತಲ್ಲ? ಅವಳೆಲ್ಲಿ?" ಎಂದು ಚುಚ್ಚಿದೆ.

ಬೀಗರ ಮುಖ ಸಣ್ಣದಾಯಿತು. ಹಾಡು ನಿಲ್ಲಿಸಿದರು. ನಿಲ್ಲಿಸಿದರೂ ಅದೇ ಹೆಂಗಸು ಅಡುಗೆಮನೆಯಿಂದ ಹಾಡುತ್ತಿದ್ದಳು, ಇನ್ನೂ ದಪ್ಪ ಸ್ವರದಲ್ಲಿ.

"ಕೇಳಿಸ್ತಾ? ಇಷ್ಟು ದುಡ್ಡು ಸುರಿದು ಸ್ಪೀಕರ್ ತಂದೆ ಬೀಗರೇ. ಅವಳು ಇಲ್ಲಿ ಬಂದು ಕೂರೋದು ಎರಡನೇ ಸಲ ಕೇಳೋಕೆ. ಮೊದಲನೇ ಸಲ ಅಲ್ಲೇ, ಪಾತ್ರೆಯೊಳಗೆ. ಯಾಕಮ್ಮ ಅಂದ್ರೆ, ‘ನಿಮಗೆ ಗೊತ್ತಾಗಲ್ಲ ಮಾವ’ ಅಂತಾಳೆ."

ಬೀಗರ ಮಾತಿನ ಆ ಹುಳಿ ನನಗೆ ಹೊಸದಲ್ಲ. ನಮ್ಮ ಮನೆಯದೇ ಹಿಟ್ಟು.

ಎದ್ದು ಒಳಗೆ ಹೋದೆ. ಕಾಫಿ ಆರಿಹೋಗಿತ್ತು. ರಶ್ಮಿ ಇಡ್ಲಿ ಪಾತ್ರೆಯೊಳಗೆ ಫೋನು ಇಳಿಸಿ ಬಗ್ಗಿ ನಿಂತಿದ್ದಳು. ತಲೆ ಎತ್ತದೆಯೇ ಕೈ ಚಾಚಿ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿದಳು.

ಇವತ್ತು ಶನಿವಾರ, ಮೆಸೇಜು ಬಂದಿದೆ. ಕೊನೆಯ ಸಾಲೂ ಇದೆ. ಎರಡನೇ ಸಲದ್ದು, ಪಾಪ. ನಿಮಗೆ ನಾನು ಹೇಳುವುದು ಇಷ್ಟೇ: ಆ ಬೈಯುವ ಹೆಂಗಸಿನ ಆಲ್ಬಮ್ ಸಿಕ್ಕಿದರೆ ಬಿಡಬೇಡಿ, ಪಾತ್ರೆ ಮಾತ್ರ ಚೆನ್ನಾಗಿ ಒಣಗಿರಲಿ. ಬೀಗರಿಗೆ ಉತ್ತರವನ್ನೂ ಬರೆದಿದ್ದೇನೆ: "ಒಮ್ಮೆ ಡೊಂಬಿವಲಿಗೆ ಬನ್ನಿ ಬೀಗರೇ. ನಮ್ಮ ಟೋಪು ದೊಡ್ಡದು, ಮೂರು ತಲೆ ಹಿಡಿಯುತ್ತದೆ."

ಇನ್ನೂ ಕಳಿಸಿಲ್ಲ. ಕಳಿಸುತ್ತೇನೆ. ಇಡ್ಲಿ ಇಳಿಯಲಿ.